ಕೂಲಿ ಬೇಡದ ಆಟ

ಆಟವೆಂಬುದು ಮಕ್ಕಳಿಗೆ ಸಲ್ಲುವಂಥದು, ಅರವತ್ತು ದಾಟಿದವರಿಗೆ ಶಾಸ್ತ್ರವಿಚಾರವೇ ಭೂಷಣ ಎಂದು ನಾವು ಬಹುಕಾಲ ನಂಬಿದ್ದೆವು. ಒಂಬತ್ತನೆಯ ವಯಸ್ಸಿನಲ್ಲಿ ಮಠದ ಪಾಠಶಾಲೆಗೆ ವಟುವಾಗಿ ಸೇರಿದ ನಮಗೆ ಬೆಳಗಿನ ಜಾವ ಅಮರಕೋಶ, ಮಧ್ಯಾಹ್ನ ವ್ಯಾಕರಣ, ಸಂಜೆ ಕಂಠಪಾಠ. ಇವುಗಳ ನಡುವೆ ಚೆಂಡಿಗೆ ಎಡೆಯೇ ಇರಲಿಲ್ಲ. ಮುಂದೆ ಅಧ್ಯಾಪಕರಾದ ಮೇಲೂ ವಿದ್ಯಾರ್ಥಿನಿಲಯದ ಹುಡುಗರು ಕಬಡ್ಡಿಯ ಅಂಕಣಕ್ಕೆ ಇಳಿದರೆ ಗದರಿ ಕೋಣೆಗೆ ಕಳಿಸಿದವರು ನಾವೇ. ಅಂತಹ ನಾವು ಅರವತ್ತೇಳರ ಪ್ರಾಯದಲ್ಲಿ ಪರದೇಶದ ಆಟವೊಂದನ್ನು ಕಂಡು, ಅದರ ನಿಯಮಗಳನ್ನು ಕುರಿತು ಲೇಖನ ಬರೆಯಲು ಕುಳಿತಿರುವುದನ್ನು ನೋಡಿ ವಾಚಕರು ನಕ್ಕರೆ ಆಶ್ಚರ್ಯವಿಲ್ಲ. ನಗಲಿ, ಆದರೆ ಕಡೆಯತನಕ ಓದಲಿ ಎಂಬುದಷ್ಟೇ ನಮ್ಮ ಬಿನ್ನಹ.

೨೦೨೫ರ ಮಾರ್ಚ್ ತಿಂಗಳಲ್ಲಿ ನಾವು ಐರ್ಲೆಂಡ್ ದೇಶಕ್ಕೆ ಹೋಗಿ, ಮೂರು ತಿಂಗಳಿಗೆ ಕೆಲವೇ ದಿನ ಕಡಿಮೆ ಅಲ್ಲಿದ್ದು ಬಂದೆವು. ನಮ್ಮ ಮಗ ಅಲ್ಲಿ ಕಂಪ್ಯೂಟರ್ ಇಂಜಿನಿಯರ್. ಅವನ ಕೆಲಸ ರಾಜಧಾನಿ ಡಬ್ಲಿನ್ನಿನಲ್ಲಿ. ವಾಸ ಮಾತ್ರ ಅಲ್ಲಿಂದ ಉತ್ತರಕ್ಕಿರುವ ಡ್ರಾಹಡಾ ಎಂಬ ಹಳೆಯ ಪಟ್ಟಣದಲ್ಲಿ. ಬಾಯ್ನ್ ಎಂಬ ನದಿ ಆ ಪಟ್ಟಣದ ನಡುವೆ ಹರಿದು ಸಮುದ್ರ ಸೇರುತ್ತದೆ. ಪಟ್ಟಣವು ಲೌತ್ ಎಂಬ ಕೌಂಟಿಗೆ ಸೇರಿದ್ದು. ಕೌಂಟಿಯೆಂದರೆ ನಮ್ಮ ಜಿಲ್ಲೆಯಿದ್ದ ಹಾಗೆ. ಆದರೆ ದಕ್ಷಿಣದ ಕಡೆ ಕೆಲವು ಬೀದಿಗಳನ್ನು ದಾಟಿದೊಡನೆ ಮೀತ್ ಎಂಬ ಇನ್ನೊಂದು ಕೌಂಟಿ ಆರಂಭವಾಗುತ್ತದೆ. ಈ ಎರಡು ಹೆಸರುಗಳನ್ನು ವಾಚಕರು ನೆನಪಿನಲ್ಲಿಡಬೇಕು. ನಾವು ಹೇಳಹೊರಟಿರುವ ಸಂಗತಿಯೆಲ್ಲ ಈ ಎರಡು ನೆರೆಹೊರೆಗಳ ನಡುವಿನದು.

ಹೋದ ಮೊದಲ ಶನಿವಾರವೇ ಹನ್ನೆರಡು ವರ್ಷದ ಮೊಮ್ಮಗ ಬಿಳಿ ಕೆಂಪು ಅಂಗಿ ತೊಟ್ಟು ಹೊರಟು ನಿಂತ. "ಮಾವಾರ, ನೀವೂ ಹೋಗಿ ಬರ್ರಿ, ಮನ್ಯಾಗ ಒಬ್ಬರ ಕುಂತು ಏನ್ ಮಾಡ್ತೀರಿ?" ಎಂದಳು ಸೊಸೆ. ಶಾಲು ಹೊದ್ದು ಹೋದೆವು. ಊರ ಹೊರಗಿನ ಹಸಿರು ಬಯಲು, ತುಂತುರು ಮಳೆ, ಐವತ್ತು ಅರವತ್ತು ಮಕ್ಕಳು. ಅವರಿಗೆ ಚೆಂಡು ಹಿಡಿಯುವುದನ್ನು ಕಲಿಸುತ್ತಿದ್ದವನು ವಾರವೆಲ್ಲ ಮನೆಮನೆಯ ನಳ ದುರಸ್ತಿ ಮಾಡುವವನು. ಇನ್ನೊಬ್ಬಾಕೆ ಆಸ್ಪತ್ರೆಯ ದಾದಿ. ರಾತ್ರಿಪಾಳಿ ಮುಗಿಸಿ ನೇರವಾಗಿ ಅಲ್ಲಿಗೆ ಬಂದಿದ್ದಳು. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದವರು ನಮ್ಮದೇ ವಯಸ್ಸಿನ ನಿವೃತ್ತ ಅಂಚೆಯವರು. ನಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಅವರನ್ನು ಕೇಳಿದೆವು: ಈ ಕೆಲಸಕ್ಕೆ ನಿಮಗೆ ಏನು ಕೊಡುತ್ತಾರೆ? ಅವರಿಗೆ ಪ್ರಶ್ನೆಯೇ ತಿಳಿಯಲಿಲ್ಲ. ತಿಳಿದ ಮೇಲೆ ಬಹಳ ಹೊತ್ತು ನಕ್ಕರು. ಅನಂತರ, ನಲವತ್ತು ವರ್ಷಗಳಿಂದ ಈ ಗೆರೆ ಎಳೆಯುತ್ತಿರುವುದಾಗಿಯೂ, ಸುಣ್ಣದ ಖರ್ಚನ್ನು ಕ್ಲಬ್ಬು ಕೊಡುವುದಾಗಿಯೂ ಗಂಭೀರವಾಗಿ ತಿಳಿಸಿದರು.

ನಾವು ನೋಡಿದ ಆ ಆಟದ ಹೆಸರು ಗೇಲಿಕ್ ಫುಟ್‌ಬಾಲ್. ನಮ್ಮ ಕಡೆಯವರು ಬಲ್ಲ ಫುಟ್‌ಬಾಲಿಗೂ ಇದಕ್ಕೂ ಹೆಸರಿನ ನಂಟೇ ಹೆಚ್ಚು. ಒಂದೊಂದು ತಂಡದಲ್ಲಿ ಹದಿನೈದು ಜನ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಒದೆಯಬಹುದು, ಅಂಗೈಯಿಂದಲೋ ಮುಷ್ಟಿಯಿಂದಲೋ ತಟ್ಟಿ ಜೊತೆಯವನಿಗೆ ದಾಟಿಸಬಹುದು; ಎಸೆಯಕೂಡದು. ಕೈಯಲ್ಲಿಟ್ಟುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡಕೂಡದು. ಅಷ್ಟರೊಳಗೆ ಒಮ್ಮೆ ನೆಲಕ್ಕೆ ಪುಟಿಸಬೇಕು ಇಲ್ಲವೆ ಕಾಲ್ಬೆರಳ ತುದಿಯಿಂದ ಮೇಲಕ್ಕೆ ಚಿಮ್ಮಿಸಿ ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಒಂದರ ಹಿಂದೊಂದು ಎರಡು ಸಲ ಪುಟಿಸುವಂತಿಲ್ಲ. ಗಂಡಸರ ಆಟದಲ್ಲಿ ನೆಲದ ಮೇಲಿನ ಚೆಂಡನ್ನು ನೇರವಾಗಿ ಕೈಯಿಂದ ಎತ್ತುವಂತಿಲ್ಲ, ಕಾಲ್ಬೆರಳಿನಿಂದ ಎತ್ತಿ ಕೈಗೆ ತರಬೇಕು. ಹೆಣ್ಣುಮಕ್ಕಳ ಆಟದಲ್ಲಿ ನೇರವಾಗಿ ಎತ್ತಲು ಅನುಮತಿಯುಂಟು. ಮೈದಾನದ ಎರಡು ತುದಿಗಳಲ್ಲಿ ಎತ್ತರದ ಜೋಡಿಕಂಬಗಳು. ಅವುಗಳ ನಡುವೆ ಎರಡೂವರೆ ಮೀಟರ್ ಎತ್ತರದಲ್ಲಿ ಅಡ್ಡಪಟ್ಟಿ. ಅದರ ಕೆಳಗೆ ಬಲೆ. ಚೆಂಡು ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಅಂಕ, ಕೆಳಗಿನ ಬಲೆಗೆ ಬಿದ್ದರೆ ಗೋಲು. ಒಂದು ಗೋಲಿಗೆ ಮೂರು ಅಂಕದ ಬೆಲೆ. ಗೋಲುಗಳನ್ನೂ ಅಂಕಗಳನ್ನೂ ಕೂಡಿಸದೆ ಬೇರೆಬೇರೆಯಾಗಿ ಬರೆಯುವುದು ಅಲ್ಲಿಯ ಪದ್ಧತಿ. ೩-೧೪ ಎಂದರೆ ಮೂರು ಗೋಲು, ಹದಿನಾಲ್ಕು ಅಂಕ, ಒಟ್ಟು ಇಪ್ಪತ್ತಮೂರು. ಈ ಲೆಕ್ಕ ನಮಗೆ ಹಿಡಿಸಿತು.

ಈ ಆಟವನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಸಂಘವು ೧೮೮೪ರ ನವೆಂಬರ್ ೧ರಂದು ಟಿಪ್ಪರರಿ ಕೌಂಟಿಯ ಥರ್ಲೆಸ್ ಎಂಬ ಊರಿನ ಒಂದು ಹೋಟೆಲಿನಲ್ಲಿ ಹುಟ್ಟಿತು. ಆಗ ಐರ್ಲೆಂಡ್ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ನಾಡಿನ ಭಾಷೆ ಸೊರಗುತ್ತಿತ್ತು, ನಾಡಿನ ಆಟಗಳು ಮೂಲೆ ಸೇರುತ್ತಿದ್ದವು. ಮೈಕೆಲ್ ಕ್ಯೂಸಾಕ್ ಎಂಬ ಶಾಲಾಮಾಸ್ತರರೂ ಮಾರಿಸ್ ಡ್ಯಾವಿನ್ ಎಂಬ ಹೆಸರಾಂತ ಕ್ರೀಡಾಪಟುವೂ ಮುಂದಾಳುಗಳಾದರು. ಕ್ಯಾಶಲ್‌ನ ಧರ್ಮಾಧ್ಯಕ್ಷರಾಗಿದ್ದ ಥಾಮಸ್ ಕ್ರೋಕ್ ಅವರು ಪೋಷಕತ್ವ ವಹಿಸಿದರು. ಡಬ್ಲಿನ್ನಿನಲ್ಲಿರುವ ಸಂಘದ ಮಹಾಕ್ರೀಡಾಂಗಣಕ್ಕೆ ಇಂದಿಗೂ ಕ್ರೋಕ್ ಪಾರ್ಕ್ ಎಂದೇ ಹೆಸರು. ಅದರಲ್ಲಿ ೮೨,೩೦೦ ಜನ ಸೇರಬಹುದು. ಅಂತಹ ಮೈದಾನ ತುಂಬುವಂತೆ ಆಡುವ ಆಟಗಾರನಿಗೆ ಸಂಬಳವಿಲ್ಲ ಎಂದು ಮಗ ಹೇಳಿದಾಗ ನಾವು ಮೊದಲು ನಂಬಲೇ ಇಲ್ಲ. ಪ್ರಯಾಣದ ಖರ್ಚು ಕೊಡುತ್ತಾರೆ, ಸರ್ಕಾರದಿಂದ ಅಲ್ಪಸ್ವಲ್ಪ ಅನುದಾನವುಂಟು, ಆಡಿದ್ದಕ್ಕೆ ಕೂಲಿಯಿಲ್ಲ.

ಆಟಗಾರನು ತನಗಿಷ್ಟ ಬಂದ ತಂಡಕ್ಕೆ ಹೋಗುವಂತೆಯೂ ಇಲ್ಲ. ಊರಿನ ಕ್ಲಬ್ಬಿಗೆ ಆಡಬೇಕು. ಅದರಲ್ಲಿ ಮೇಲಾದವನು ತನ್ನ ಕೌಂಟಿಗೆ ಆಡಬೇಕು. ಮೊದಲು ಆಡಿದ ಕ್ಲಬ್ಬು ಯಾವುದೋ ಅದಕ್ಕೆ ಅವನ ನಿಷ್ಠೆ ಸಲ್ಲುತ್ತದೆಂದು ನಿಯಮಗ್ರಂಥವೇ ಹೇಳುತ್ತದೆ. ಕ್ಲಬ್ಬು ಬದಲಿಸುವುದಕ್ಕೆ ದಾರಿಯಿದೆ, ಆದರೆ ಅದು ಪೇಟೆಯಲ್ಲಿ ಅಂಗಡಿ ಬದಲಿಸಿದಷ್ಟು ಸುಲಭವಲ್ಲ. ಐರ್ಲೆಂಡ್ ದ್ವೀಪದ ಕೌಂಟಿಗಳು ಮೂವತ್ತೆರಡು. ಅವುಗಳಲ್ಲಿ ಆರು ಇಂದಿಗೂ ಬ್ರಿಟನ್ನಿನ ಆಡಳಿತದಲ್ಲಿವೆ. ಈ ಸಂಘಕ್ಕೆ ಮಾತ್ರ ಆ ಗಡಿಯಿಲ್ಲ. ಮೂವತ್ತೆರಡೂ ಒಂದೇ ಅಂಗಳ.

ಇಂತಹ ಸಂಘಕ್ಕೂ ತಪ್ಪುಗಳುಂಟು. ಮೊದಲು ಅದರ ನೋವನ್ನು ಹೇಳಿ ಅನಂತರ ತಪ್ಪನ್ನು ಹೇಳುವುದು ನ್ಯಾಯ. ೧೯೨೦ರ ನವೆಂಬರ್ ೨೧ರ ಭಾನುವಾರ ಕ್ರೋಕ್ ಪಾರ್ಕಿನಲ್ಲಿ ಡಬ್ಲಿನ್ ಮತ್ತು ಟಿಪ್ಪರರಿ ತಂಡಗಳು ಆಡುತ್ತಿದ್ದಾಗ ಬ್ರಿಟಿಷ್ ಪಡೆಗಳು ಒಳನುಗ್ಗಿ ಗುಂಡು ಹಾರಿಸಿದವು. ಹದಿನಾಲ್ಕು ಜನ ಪ್ರಾಣ ಬಿಟ್ಟರು. ಅವರಲ್ಲಿ ಮಕ್ಕಳೂ ಇದ್ದರು, ಟಿಪ್ಪರರಿಯ ಆಟಗಾರ ಮೈಕೆಲ್ ಹೋಗನ್ ಕೂಡ ಇದ್ದ. ಇಂತಹ ಗಾಯವುಳ್ಳವರು ಪರಕೀಯರ ಆಟಗಳನ್ನು ದೂರವಿಟ್ಟದ್ದು ಅರ್ಥವಾಗುವ ಮಾತು. ಆದರೆ ಆ ಕಟ್ಟು ಎಷ್ಟು ಬಿಗಿಯಾಯಿತೆಂದರೆ, ಐರ್ಲೆಂಡಿನ ಮೊದಲ ರಾಷ್ಟ್ರಾಧ್ಯಕ್ಷರೂ ನಾಡಿನ ಭಾಷೆಗಾಗಿ ಜೀವ ತೇಯ್ದ ವಿದ್ವಾಂಸರೂ ಆದ ಡಗ್ಲಸ್ ಹೈಡ್ ಅವರು ೧೯೩೮ರಲ್ಲಿ ಒಂದು ಅಂತರರಾಷ್ಟ್ರೀಯ ಸಾಕರ್ ಪಂದ್ಯಕ್ಕೆ ಅಧ್ಯಕ್ಷರಾಗಿ ಹಾಜರಾದ ಕಾರಣಕ್ಕೆ ಸಂಘವು ಅವರನ್ನು ಪೋಷಕರ ಪಟ್ಟಿಯಿಂದಲೇ ತೆಗೆದುಹಾಕಿತು. ನಾಡನ್ನು ಉಳಿಸಲು ಹುಟ್ಟಿದ ನಿಯಮ ನಾಡಿನ ಹಿರಿಯನನ್ನೇ ಹೊರದೂಡಿತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಆ ನಿಷೇಧ ೧೯೭೧ರಲ್ಲಿ ರದ್ದಾಯಿತು. ಮುಂದೆ ೨೦೦೫ರಲ್ಲಿ ಅನ್ಯ ಆಟಗಳಿಗೂ ಕ್ರೋಕ್ ಪಾರ್ಕಿನ ಬಾಗಿಲು ತೆರೆಯಲು ಸಂಘವೇ ಒಪ್ಪಿತು. ೨೦೦೭ರ ಫೆಬ್ರುವರಿ ೨೪ರಂದು ಅದೇ ಮೈದಾನದಲ್ಲಿ ಇಂಗ್ಲೆಂಡಿನ ರಗ್ಬಿ ತಂಡ ಆಡಿತು. ಇಂಗ್ಲೆಂಡಿನ ರಾಷ್ಟ್ರಗೀತೆ ನುಡಿದಾಗ ನೆರೆದ ಜನ ಮರ್ಯಾದೆಯಿಂದ ಕೇಳಿದರು, ಅನಂತರ ಆಟದಲ್ಲಿ ೪೩-೧೩ರಿಂದ ಗೆದ್ದರು. ಅತಿಥಿಸತ್ಕಾರ, ಸ್ವಾಭಿಮಾನ ಎರಡೂ ಉಳಿದವು.

ಆಟದ ಒಳಗಿನ ನಿಯಮಗಳಾದರೂ ಕಲ್ಲಿನಲ್ಲಿ ಕೊರೆದವಲ್ಲ. ೧೮೮೭ರ ಮೊದಲ ಅಖಿಲ ಐರ್ಲೆಂಡ್ ಪಂದ್ಯಾವಳಿಯಲ್ಲಿ ಒಂದೊಂದು ತಂಡಕ್ಕೆ ಇಪ್ಪತ್ತೊಂದು ಜನ ಆಡುತ್ತಿದ್ದರು. ಎಷ್ಟು ಅಂಕ ಗಳಿಸಿದರೂ ಒಂದು ಗೋಲಿಗೆ ಸಮವಾಗುತ್ತಿರಲಿಲ್ಲ. ಆಮೇಲೆ ೧೮೯೨ರಲ್ಲಿ ಗೋಲಿಗೆ ಐದು ಅಂಕದ ಬೆಲೆ ಕಟ್ಟಿದರು. ೧೮೯೬ರಲ್ಲಿ ಅದನ್ನು ಮೂರಕ್ಕೆ ಇಳಿಸಿದರು. ತಂಡದ ಸಂಖ್ಯೆ ೧೯೧೩ರಲ್ಲಿ ಹದಿನೈದಕ್ಕೆ ಬಂದು ನಿಂತಿತು. ಆ ಮೊದಲ ಪಂದ್ಯಾವಳಿಯ ಕೊನೆಯ ಆಟದಲ್ಲಿ ಲಿಮರಿಕ್ ತಂಡದ ಎದುರು ಸೋತವರು ನಮ್ಮ ಮೊಮ್ಮಗನ ಲೌತ್ ಕೌಂಟಿಯವರೇ.

ಈಚಿನ ವರ್ಷಗಳಲ್ಲಿ ಆಟಕ್ಕೆ ಒಂದು ಜಾಡ್ಯ ಹಿಡಿದಿತ್ತಂತೆ. ಸೋಲಬಾರದೆಂಬ ಭಯದಿಂದ ತಂಡಗಳು ಹದಿಮೂರು ಹದಿನಾಲ್ಕು ಜನರನ್ನು ತಮ್ಮ ಗೋಲಿನ ಮುಂದೆಯೇ ನಿಲ್ಲಿಸಿಕೊಂಡು, ಚೆಂಡನ್ನು ಹಿಂದಕ್ಕೂ ಅಡ್ಡಕ್ಕೂ ತಟ್ಟುತ್ತ ಹೊತ್ತು ಕಳೆಯುತ್ತಿದ್ದರು. ೨೦೧೧ರ ಒಂದು ಸೆಮಿಫೈನಲ್ ಪಂದ್ಯದಲ್ಲಿ ಡಬ್ಲಿನ್ ೦-೮, ಡಾನಿಗಾಲ್ ೦-೬. ಎಪ್ಪತ್ತು ನಿಮಿಷ ಮೂವತ್ತು ಜನ ಬೆವರು ಹರಿಸಿ ಗಳಿಸಿದ್ದು ಹದಿನಾಲ್ಕು ಅಂಕ. ಜನ ಬೇಸತ್ತರು. ಆದ್ದರಿಂದ ೨೦೨೪ರಲ್ಲಿ ಸಂಘವು ಡಬ್ಲಿನ್ ತಂಡಕ್ಕೆ ೨೦೧೫ರಿಂದ ೨೦೧೯ರವರೆಗೆ ಸತತ ಐದು ವರ್ಷ ಪ್ರಶಸ್ತಿ ತಂದ ವ್ಯವಸ್ಥಾಪಕ ಜಿಮ್ ಗ್ಯಾವಿನ್ ಅವರ ನೇತೃತ್ವದಲ್ಲಿ ಒಂದು ಪರಿಶೀಲನಾ ಸಮಿತಿಯನ್ನು ನೇಮಿಸಿತು. ಸಮಿತಿ ಸೂಚಿಸಿದ ನಿಯಮಗಳನ್ನು ೨೦೨೪ರ ನವೆಂಬರ್‌ನಲ್ಲಿ ವಿಶೇಷ ಮಹಾಸಭೆ ಒಂದು ವರ್ಷದ ಮಟ್ಟಿಗೆ ಒಪ್ಪಿತು. ಆಡಿ ನೋಡಿದ ಬಳಿಕ ೨೦೨೫ರ ಅಕ್ಟೋಬರ್‌ನಲ್ಲಿ ಇನ್ನೊಂದು ಮಹಾಸಭೆ ಅವನ್ನು ಕಾಯಂ ಮಾಡಿತು.

ಆ ನಿಯಮಗಳನ್ನು ಕುರಿತು ನಮ್ಮ ಅಭಿಪ್ರಾಯವನ್ನು ಸಂಕೋಚವಿಲ್ಲದೆ ಹೇಳುತ್ತೇವೆ. ಎದುರಾಳಿಯ ಅರ್ಧದಲ್ಲಿ ಪ್ರತಿಯೊಂದು ತಂಡವೂ ಕನಿಷ್ಠ ಮೂವರನ್ನು ಉಳಿಸಲೇಬೇಕೆಂಬ ನಿಯಮ ಎಲ್ಲಕ್ಕಿಂತ ಹಿರಿದು. ಭಯಪಡುವವನಿಗೆ ಧೈರ್ಯ ತಾಳೆಂದು ಉಪದೇಶಿಸಿದರೆ ಫಲವಿಲ್ಲ. ಅವನು ಧೈರ್ಯದ ಜಾಗದಲ್ಲಿ ನಿಲ್ಲುವಂತೆ ವ್ಯವಸ್ಥೆ ಮಾಡಬೇಕು. ಗೋಲಿನಿಂದ ನಲವತ್ತು ಮೀಟರ್ ದೂರದ ಕಮಾನುಗೆರೆಯ ಆಚೆಯಿಂದ ಒದ್ದು ಅಡ್ಡಪಟ್ಟಿಯ ಮೇಲೆ ಹಾಯಿಸಿದರೆ ಎರಡು ಅಂಕ ಕೊಡುವ ನಿಯಮದ ಬಗ್ಗೆ ನಮಗೆ ಪೂರ್ಣ ಸಮಾಧಾನವಿಲ್ಲ. ದೂರದ ಒದೆತ ನೋಡಲು ಸೊಗಸು, ನಿಜ. ಆದರೆ ಗಾಳಿ ಬಲವಾಗಿ ಬೀಸುವ ಆ ನಾಡಿನಲ್ಲಿ ಗಾಳಿ ಬೆನ್ನಿಗಿದ್ದವನಿಗೆ ಈ ವರ ಇಮ್ಮಡಿಯಾಗುತ್ತದೆ. ಫೌಲಿಗೆ ಗುರಿಯಾದವನು ಯಾರಿಗೂ ಕಾಯದೆ ತಾನೇ ಚೆಂಡು ಎತ್ತಿಕೊಂಡು ಮುಂದೆ ಓಡಬಹುದೆಂಬ ನಿಯಮ ನ್ಯಾಯವಾದದ್ದು. ತಪ್ಪು ಮಾಡಿದವನಿಗೆ ತಡಮಾಡಿ ಲಾಭ ಪಡೆಯುವ ಅವಕಾಶ ಅದರಿಂದ ತಪ್ಪಿತು. ಗೋಲಿಗೆ ಮೂರರ ಬದಲು ನಾಲ್ಕು ಅಂಕ ಕೊಡುವ ಸಲಹೆಯೂ ಇತ್ತು. ಪರೀಕ್ಷಾರ್ಥವಾಗಿ ಆಡಿ ನೋಡಿ ಸಮಿತಿಯೇ ಅದನ್ನು ಕೈಬಿಟ್ಟಿತು. ತನ್ನ ಸಲಹೆಯನ್ನು ತಾನೇ ಹಿಂತೆಗೆದುಕೊಳ್ಳುವ ಸಮಿತಿಗಳು ಲೋಕದಲ್ಲಿ ವಿರಳ.

ಅಧ್ಯಾಪಕರಾಗಿದ್ದ ನಮಗೆ ಬಹಳ ಮೆಚ್ಚುಗೆಯಾದದ್ದು ತೀರ್ಪುಗಾರರ ಮರ್ಯಾದೆಯ ನಿಯಮ. ತೀರ್ಪಿಗೆ ಎದುರಾಡಿದರೆ, ಇಲ್ಲವೆ ಫೌಲಾದಾಗ ಚೆಂಡನ್ನು ಎದುರಾಳಿಗೆ ಒಪ್ಪಿಸದೆ ಕೊಸರಾಡಿದರೆ, ಶಿಕ್ಷೆಯ ಸ್ಥಳ ಐವತ್ತು ಮೀಟರ್ ಮುಂದಕ್ಕೆ ಹೋಗುತ್ತದೆ. ನಮ್ಮ ಮೊಮ್ಮಗನೇ ಒಮ್ಮೆ ಮೈದಾನದಲ್ಲಿ ಕೈ ಎತ್ತಿ ಏನೋ ಗೊಣಗಿದ. ಅದರ ಫಲವಾಗಿ ಎದುರಾಳಿಗಳು ಸುಲಭವಾಗಿ ಒಂದು ಅಂಕ ಗಳಿಸಿದರು. ಮನೆಗೆ ಬರುವಾಗ ನಾವು ಬುದ್ಧಿ ಹೇಳಲು ಬಾಯಿ ತೆರೆದೆವು. "ಗೊತ್ತೈತಿ ಅಜ್ಜಾ, ನನ್ನ ಬಾಯಿಂದ ಎಲ್ಲಾರಿಗೂ ಲುಕ್ಸಾನಾತು" ಎಂದ. ನಾವು ಮೂವತ್ತು ವರ್ಷ ತರಗತಿಯಲ್ಲಿ ಹೇಳಿ ಹೇಳಿ ಕಲಿಸಲಾಗದ್ದನ್ನು ಒಂದು ಸುಣ್ಣದ ಗೆರೆ ಅರೆಕ್ಷಣದಲ್ಲಿ ಕಲಿಸಿತ್ತು.

ಇನ್ನು ಆಟಗಾರರ ವಿಷಯ. ಡಬ್ಲಿನ್ ತಂಡದ ಗೋಲ್‌ಕೀಪರ್ ಸ್ಟೀಫನ್ ಕ್ಲಕ್ಸ್‌ಟನ್ ಅಖಿಲ ಐರ್ಲೆಂಡ್ ಪದಕಗಳನ್ನು ಒಂಬತ್ತು ಸಲ ಗಳಿಸಿದವರು, ವೃತ್ತಿಯಿಂದ ಶಾಲಾಶಿಕ್ಷಕರು. ಅದೇ ತಂಡದ ಜ್ಯಾಕ್ ಮೆಕ್ಯಾಫ್ರಿ ವೈದ್ಯರು. ಕೆರ್ರಿಯ ಡೇವಿಡ್ ಕ್ಲಿಫರ್ಡ್ ಕೂಡ ಶಿಕ್ಷಕರೇ. ಮೀತ್ ತಂಡಕ್ಕೆ ೧೯೮೭, ೧೯೮೮, ೧೯೯೬, ೧೯೯೯ರಲ್ಲಿ ನಾಲ್ಕು ಸಲ ಪ್ರಶಸ್ತಿ ತಂದ ವ್ಯವಸ್ಥಾಪಕ ಶಾನ್ ಬಾಯ್ಲನ್ ಗಿಡಮೂಲಿಕೆಯ ವೈದ್ಯರೆಂದು ಕೇಳಿ ನಮಗೆ ಸಂತೋಷವಾಯಿತು. ಭಾನುವಾರ ಎಂಬತ್ತು ಸಾವಿರ ಜನರ ಜಯಘೋಷ, ಸೋಮವಾರ ಕರಿಹಲಗೆಯ ಮುಂದೆ ಸೀಮೆಸುಣ್ಣ. ಕೀರ್ತಿ ತಲೆಗೇರದಂತೆ ಇದಕ್ಕಿಂತ ಒಳ್ಳೆಯ ಮದ್ದು ಬೇರೆ ಬೇಕೆ?

ಹಣ ಕರೆಯುವುದಿಲ್ಲವೆಂದಲ್ಲ. ಆಸ್ಟ್ರೇಲಿಯಾದ ವೃತ್ತಿಪರ ಫುಟ್‌ಬಾಲ್ ತಂಡಗಳು ಈ ಹುಡುಗರನ್ನು ಒಳ್ಳೆಯ ಸಂಬಳ ಕೊಟ್ಟು ಕರೆದೊಯ್ಯುವುದುಂಟು. ಕೆರ್ರಿಯ ಟೈಗ್ ಕೆನೆಲ್ಲಿ ಹಾಗೆ ಹೋಗಿ ೨೦೦೫ರಲ್ಲಿ ಸಿಡ್ನಿಯ ತಂಡದೊಡನೆ ಅಲ್ಲಿಯ ಅತ್ಯುನ್ನತ ಪ್ರಶಸ್ತಿ ಗೆದ್ದ. ಅವನ ತಂದೆಯೂ ಕೆರ್ರಿಯ ಹೆಸರಾಂತ ಆಟಗಾರ. ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಮಗ ೨೦೦೯ರಲ್ಲಿ ಸಂಬಳದ ಆಟ ಬಿಟ್ಟು ಊರಿಗೆ ಬಂದು, ಕೂಲಿಯಿಲ್ಲದೆ ಕೆರ್ರಿಗೆ ಆಡಿ, ಅಖಿಲ ಐರ್ಲೆಂಡ್ ಪದಕ ಪಡೆದು, ಮತ್ತೆ ಸಿಡ್ನಿಗೆ ಹೋದ. ಈ ಕಥೆಯನ್ನು ಮಗ ಊಟದ ಹೊತ್ತಿಗೆ ಹೇಳಿದಾಗ ನಮಗೆ ಅನ್ನ ಇಳಿಯಲಿಲ್ಲ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇವೆ.

ಕೂಲಿಯಿಲ್ಲದ ಆಟದಲ್ಲಿ ಎಲ್ಲವೂ ಬಂಗಾರವೆಂದು ಯಾರೂ ಭಾವಿಸಬಾರದು. ಕೌಂಟಿಗೆ ಆಡುವ ತರುಣನು ವಾರದಲ್ಲಿ ನಾಲ್ಕೈದು ದಿನ ದುಡಿಮೆ ಮುಗಿಸಿ ಅಭ್ಯಾಸಕ್ಕೆ ಓಡಬೇಕು. ಆಟಗಾರನಿಗೆ ಕೂಲಿಯಿಲ್ಲದಾಗ ತಂಡ ನಡೆಸುವವರಿಗೆ ಮರೆಯಲ್ಲಿ ಹಣ ಸಲ್ಲುತ್ತದೆಂಬ ದೂರು ಬಹುಕಾಲದ್ದು. ದುಡಿಯುವವನು ಬಿಟ್ಟಿ, ದುಡಿಸುವವನಿಗೆ ಕಾಣಿಕೆ ಎಂದಾದರೆ ಅದು ಸೇವೆಯಲ್ಲ. ತ್ಯಾಗವನ್ನು ಬೇಡುವ ಸಂಸ್ಥೆ ತನ್ನ ಲೆಕ್ಕದ ಪುಸ್ತಕವನ್ನು ತೆರೆದಿಡಬೇಕು. ಹೆಣ್ಣುಮಕ್ಕಳ ಆಟಕ್ಕೆ ೧೯೭೪ರಲ್ಲಷ್ಟೇ ಬೇರೆ ಸಂಘ ಹುಟ್ಟಿತು. ೨೦೧೯ರ ಅವರ ಫೈನಲ್ ಪಂದ್ಯವನ್ನು ೫೬,೧೧೪ ಜನ ನೋಡಿದರೆಂಬುದನ್ನು ನೆನೆದರೆ, ಅಷ್ಟು ಕಾಲ ಅವರನ್ನು ಬದಿಗಿಟ್ಟದ್ದು ಎಂತಹ ಅವಿವೇಕವೆಂದು ತಿಳಿಯುತ್ತದೆ.

ಪಂದ್ಯಾವಳಿಯ ವ್ಯವಸ್ಥೆಯಲ್ಲೂ ಅಸಮತೆಯುಂಟು. ಮೊದಲು ನಾಲ್ಕು ಪ್ರಾಂತಗಳಲ್ಲಿ ಪ್ರಾಂತ ಪ್ರಶಸ್ತಿಗೆ ಹೋರಾಟ. ಅನಂತರ ಸ್ಯಾಮ್ ಮಗ್ವಾಯರ್ ಬಟ್ಟಲಿಗಾಗಿ ಅಖಿಲ ಐರ್ಲೆಂಡ್ ಹೋರಾಟ. ಕೆರ್ರಿ ಆ ಪ್ರಶಸ್ತಿಯನ್ನು ೨೦೨೫ರವರೆಗೆ ಮೂವತ್ತೊಂಬತ್ತು ಸಲ ಗೆದ್ದಿದೆ. ಮೇಯೊ ಕೌಂಟಿ ೧೯೫೧ರಲ್ಲಿ ಗೆದ್ದ ಬಳಿಕ ೧೯೮೯ರಿಂದ ೨೦೨೧ರೊಳಗೆ ಹನ್ನೊಂದು ಫೈನಲ್ ಸೋತಿದೆ. ದುರ್ಬಲ ಕೌಂಟಿಗಳಿಗಾಗಿ ೨೦೨೨ರಲ್ಲಿ ಟೈಲ್ಟನ್ ಕಪ್ ಎಂಬ ಬೇರೆ ಪಂದ್ಯಾವಳಿ ಆರಂಭಿಸಿದ್ದು ಒಳ್ಳೆಯದೇ. ಲೆನ್‌ಸ್ಟರ್ ಪ್ರಾಂತದಲ್ಲಿ ೨೦೧೧ರಿಂದ ೨೦೨೪ರವರೆಗೆ ಡಬ್ಲಿನ್ ಒಂದೇ ಹದಿನಾಲ್ಕು ಸಲ ಗೆದ್ದಿತು. ಅದೇ ಪ್ರಾಂತದ ಲೌತ್, ಐರ್ಲೆಂಡಿನಲ್ಲೇ ಅತಿ ಚಿಕ್ಕ ಕೌಂಟಿ, ೧೯೫೭ರಿಂದ ಈಚೆಗೆ ಪ್ರಾಂತ ಪ್ರಶಸ್ತಿಯನ್ನು ಕಂಡೇ ಇರಲಿಲ್ಲ.

ಕಾಣಬೇಕಾದ ಒಂದು ದಿನ ಬಂದಿತ್ತು. ೨೦೧೦ರ ಜುಲೈ ೧೧ರಂದು ಲೆನ್‌ಸ್ಟರ್ ಫೈನಲ್ಲಿನಲ್ಲಿ ಲೌತ್ ತಂಡ ಮೀತ್ ವಿರುದ್ಧ ಕೊನೆಯ ಕ್ಷಣದವರೆಗೆ ಒಂದು ಅಂಕದಿಂದ ಮುಂದಿತ್ತು. ಆಗ ಮೀತ್ ಆಟಗಾರನೊಬ್ಬ ಚೆಂಡನ್ನು ನಿಯಮಬಾಹಿರವಾಗಿ ಗೆರೆಯಾಚೆ ಸೇರಿಸಿದ. ತೀರ್ಪುಗಾರರು ಗೋಲೆಂದರು. ಮೀತ್ ೧-೧೨, ಲೌತ್ ೧-೧೦. ತಪ್ಪಾಯಿತೆಂದು ಅನಂತರ ತೀರ್ಪುಗಾರರೇ ಒಪ್ಪಿಕೊಂಡರು. ಆದರೆ ಮರುಪಂದ್ಯ ವಿಧಿಸಲು ನಿಯಮದಲ್ಲಿ ಎಡೆಯಿರಲಿಲ್ಲ. ಗೆದ್ದವರು ತಾವಾಗಿ ಆಡಲು ಮುಂದೆ ಬಂದರೆ ಮಾತ್ರ ಉಂಟು. ಮೀತ್‌ನವರು ಮುಂದೆ ಬರಲಿಲ್ಲ. ನಿಯಮ ಅವರ ಪಕ್ಷದಲ್ಲಿತ್ತು; ನ್ಯಾಯ ಇರಲಿಲ್ಲ. ಇಡೀ ನಿಯಮಗ್ರಂಥದಲ್ಲಿ ಬರೆಯಲಾಗದೆ ಉಳಿದ ನಿಯಮ ಒಂದೇ, ಅದು ಗೆದ್ದವನ ಮನಸ್ಸಾಕ್ಷಿ ಎಂದು ನಾವು ಅಂದುಕೊಂಡೆವು.

ನಾವು ಅಲ್ಲಿದ್ದಾಗಲೇ, ೨೦೨೫ರ ಮೇ ೧೧ರಂದು, ಅದೇ ಕ್ರೋಕ್ ಪಾರ್ಕಿನಲ್ಲಿ ಅದೇ ಫೈನಲ್ಲಿಗೆ ಅದೇ ಎರಡು ತಂಡಗಳು ಮತ್ತೆ ಎದುರಾದವು. ಅದರ ಹಿಂದಿನ ವಾರ ಮನೆಯಲ್ಲಿ ಬೇರೊಂದು ಬಿಸಿ ಎದ್ದಿತ್ತು. ಮಗ ಹೊಸ ಮನೆ ಗೊತ್ತುಮಾಡಿದ್ದ. ಅದು ಕೆಲವೇ ಮೈಲಿ ದೂರ, ಆದರೆ ಮೀತ್ ಕೌಂಟಿಯೊಳಗೆ. ಅಲ್ಲಿಯ ಕ್ಲಬ್ಬಿನ ಮೈದಾನ ಮನೆಗೆ ಹತ್ತಿರ, ಸೌಕರ್ಯ ಹೆಚ್ಚು. ಮೊಮ್ಮಗನನ್ನು ಅಲ್ಲಿಗೆ ಸೇರಿಸುವುದೆಂದು ಮಗನ ಎಣಿಕೆ. ಹುಡುಗ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. "ಅಪ್ಪಾ, ನೀವಾರ ಒಂದ್ ಮಾತು ಹೇಳ್ರಿ ಅವಗ" ಎಂದ ಮಗ. ನಾವು ಹೇಳಿದೆವು: ಆಟ ಎಲ್ಲಿ ಆಡಿದರೇನು, ಮೈದಾನ ಚೆನ್ನಾಗಿದ್ದರೆ ಸಾಕಲ್ಲವೆ? ಹುಡುಗ ನಮ್ಮ ಮುಖವನ್ನು ನೋಡಿದ ರೀತಿ ಇಂದಿಗೂ ಕಣ್ಣ ಮುಂದಿದೆ. "ಅಜ್ಜಾ, ಅಲ್ಲಿ ಗೆರಿ ಹೊಡಿಯೋ ಅಜ್ಜ ನಂಗ ಮೊದಲ್ನೇ ದಿನ ಬೂಟ್ ಕೊಟ್ಟಿದ್ರು" ಎಂದಷ್ಟೇ ಹೇಳಿ ಎದ್ದುಹೋದ.

ಪಂದ್ಯದ ದಿನ ನಾವು ಮೂವರೂ ರೈಲಿನಲ್ಲಿ ಡಬ್ಲಿನ್ನಿಗೆ ಹೋಗಿ, ಜನಪ್ರವಾಹದೊಡನೆ ನಡೆದು ಕ್ರೋಕ್ ಪಾರ್ಕ್ ಸೇರಿದೆವು. ಅರವತ್ತು ಸಾವಿರಕ್ಕೂ ಮೀರಿದ ಜನ. ಒಂದೇ ಸಾಲಿನಲ್ಲಿ ಲೌತ್‌ನ ಕೆಂಪು, ಮೀತ್‌ನ ಹಸಿರು ಬೆರೆತು ಕುಳಿತಿದ್ದವು. ನಡುವೆ ಪೊಲೀಸರ ಬೇಲಿಯಿರಲಿಲ್ಲ. ಲೌತ್ ೩-೧೪, ಮೀತ್ ೧-೧೮. ಅಂದು ಸೋತದ್ದು ಎರಡು ಅಂಕದಿಂದ, ಇಂದು ಗೆದ್ದದ್ದೂ ಎರಡೇ ಅಂಕದಿಂದ. ಅರವತ್ತೆಂಟು ವರ್ಷ ಕಾದಿದ್ದ ಮುದುಕರು ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದರು.

ಮರಳುವಾಗ ರೈಲಿನಲ್ಲಿ ನಮ್ಮೆದುರು ಹಸಿರು ಪಟ್ಟಿಯ ಶಾಲು ಸುತ್ತಿದ ವೃದ್ಧರೊಬ್ಬರು ಕುಳಿತಿದ್ದರು. ಮೊಮ್ಮಗನ ಕೆಂಪು ಅಂಗಿಯನ್ನು ನೋಡಿ ಕೈಚಾಚಿ ಅವನ ಕೈಕುಲುಕಿದರು. ಆಮೇಲೆ ನಮ್ಮ ಕಡೆ ತಿರುಗಿ ಮೆಲ್ಲನೆ ನುಡಿದರು. ಹದಿನೈದು ವರ್ಷದ ಹಿಂದೆ ನಾವು ಮತ್ತೊಮ್ಮೆ ಆಡಬೇಕಾಗಿತ್ತು. ಆ ಬಟ್ಟಲು ನಮ್ಮಲ್ಲಿ ಯಾರಿಗೂ ರುಚಿಸಲಿಲ್ಲ ಎಂಬುದು ಅವರ ಮಾತಿನ ಭಾವ. ಲೇಟೌನ್ ನಿಲ್ದಾಣ ಮೀತ್ ಕೌಂಟಿಯದು, ಅಲ್ಲಿ ಇಳಿದುಹೋದರು. ಮುಂದಿನ ನಿಲ್ದಾಣ ನಮ್ಮದು.

ಈಗ ಆ ದಿನ ಅನ್ನ ಇಳಿಯದ ಕಾರಣವನ್ನು 
ಹೇಳಬೇಕು. ನಮ್ಮ ಮೂವತ್ತೊಂದನೆಯ ವಯಸ್ಸಿನವರೆಗೆ ನಾವು ನಮ್ಮನ್ನು ಓದಿಸಿದ ಪಾಠಶಾಲೆಯಲ್ಲೇ ಸಂಸ್ಕೃತ ಹೇಳಿಕೊಡುತ್ತಿದ್ದೆವು. ಊಟ, ವಸತಿ, ಸ್ವಲ್ಪ ಗೌರವಧನ. ಆಮೇಲೆ ಪಟ್ಟಣದ ಕಾಲೇಜೊಂದರಲ್ಲಿ ಸಂಬಳದ ಹುದ್ದೆ ದೊರೆಯಿತು. ಸಂಸಾರವಿತ್ತು, ಹೋದೆವು, ಅದರಲ್ಲಿ ತಪ್ಪಿಲ್ಲ. ಹೊರಡುವ ದಿನ ಗುರುಗಳು ಹೇಳಿದ್ದು ಒಂದೇ ಮಾತು: "ಹೋಗಿ ಬಾ. ವರ್ಷಕ್ಕೊಮ್ಮೆ ಬಂದು ಹುಡುಗರಿಗೆ ಹತ್ತು ದಿನ ಪಾಠ ಹೇಳಿ ಹೋಗು." ಆಗಲೆಂದೆವು. ಮೂರು ವರ್ಷ ಹೋದೆವು. ನಾಲ್ಕನೆಯ ವರ್ಷ ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನ ಬಂತು, ಅದಕ್ಕೆ ಭತ್ಯೆಯಿತ್ತು. ಐದನೆಯ ವರ್ಷ ಮತ್ತೇನೋ ಬಂತು. ಗುರುಗಳು ಲಿಂಗೈಕ್ಯರಾದಾಗ ಹೋಗಿ ಬಂದೆವು, ಪಾಠಕ್ಕೆ ಹೋಗಲಿಲ್ಲ. ಕೇಳುವವರಿರಲಿಲ್ಲ, ನಿಯಮವೂ ಇರಲಿಲ್ಲ. ಕಡಲಾಚೆಯ ಸಂಬಳ ಬಿಟ್ಟು ಒಂದು ವರ್ಷಕ್ಕಾದರೂ ಊರಿನ ಅಂಗಿ ತೊಡಲು ಬಂದ ಆ ಕೆರ್ರಿಯ ಹುಡುಗನ ಕಥೆ ನಮ್ಮ ಗಂಟಲಲ್ಲಿ ಸಿಕ್ಕಿಕೊಂಡದ್ದು ಇದಕ್ಕೆ.

ಆ ರಾತ್ರಿ ಮಗನಿಗೆ ಹೇಳಿದೆವು: ನಾವು ಮೊದಲು ಹೇಳಿದ್ದು ತಪ್ಪು, ಹುಡುಗ ಹಳೆಯ ಕ್ಲಬ್ಬಿನಲ್ಲೇ ಇರಲಿ. "ದಿನಾ ಕರಕೊಂಡು ಹೋಗೋದು ಬರೋದು ಯಾರು, ಅಪ್ಪಾ?" ಎಂದು ಮಗ ಕೇಳಿದ. ನ್ಯಾಯವಾದ ಪ್ರಶ್ನೆ. ಮರುದಿನ ಗೆರೆ ಎಳೆಯುವ ಹಿರಿಯರಿಗೆ ವಿಷಯ ತಿಳಿಯಿತು. ಆ ದಾರಿಯಲ್ಲೇ ಬರುವ ಇನ್ನಿಬ್ಬರು ಮಕ್ಕಳ ತಂದೆಯನ್ನು ಅವರೇ ಒಪ್ಪಿಸಿದರು. ವಾರದಲ್ಲಿ ಒಂದು ದಿನ ಅವರ ಕಾರು, ಒಂದು ದಿನ ನಮ್ಮ ಮಗನ ಕಾರು. ಇದಕ್ಕೂ ಕೂಲಿಯ ಮಾತು ಬರಲಿಲ್ಲ.

ಜೂನ್ ತಿಂಗಳಲ್ಲಿ ನಾವು ಊರಿಗೆ ಮರಳಿದೆವು. ಜುಲೈ ೨೭ರಂದು ಅಖಿಲ ಐರ್ಲೆಂಡ್ ಫೈನಲ್ಲಿನಲ್ಲಿ ಕೆರ್ರಿ ೧-೨೬, ಡಾನಿಗಾಲ್ ೦-೧೯ ಎಂದು ಮೊಮ್ಮಗ ಫೋನಿನಲ್ಲಿ ತಿಳಿಸಿದ. ಒಂದೇ ಪಂದ್ಯದಲ್ಲಿ ನಲವತ್ತೆಂಟು ಅಂಕ. ಹದಿನಾಲ್ಕು ಅಂಕದ ಆ ಹಳೆಯ ಆಟ ನೆನಪಾಯಿತು. ತನ್ನ ನಿಯಮವನ್ನು ತಾನೇ ತಿದ್ದಿಕೊಳ್ಳಬಲ್ಲ ಸಂಸ್ಥೆ ಮುಪ್ಪಾಗುವುದಿಲ್ಲ. ಆದರೆ ಎಲ್ಲವನ್ನೂ ತಿದ್ದಿದ ಆ ಜನ ಎರಡನ್ನು ಮುಟ್ಟಲಿಲ್ಲ: ಆಡಿದ್ದಕ್ಕೆ ಕೂಲಿಯಿಲ್ಲ, ಮೊದಲ ಅಂಗಳವನ್ನು ಮರೆಯುವಂತಿಲ್ಲ. ಯಾವುದನ್ನು ಬದಲಿಸಬೇಕು, ಯಾವುದನ್ನು ಬದಲಿಸಬಾರದು ಎಂಬ ಈ ವಿವೇಕ ಮನೆತನಗಳಿಗೂ ಬೇಕು, ಸಂಘಸಂಸ್ಥೆಗಳಿಗೂ ಬೇಕು.

ಆಗಸ್ಟ್ ತಿಂಗಳಲ್ಲಿ ನಾವು ಪಾಠಶಾಲೆಗೆ ಹೋದೆವು. ಈಗಿನ ಮುಖ್ಯಸ್ಥರು ನಮಗಿಂತ ಮೂವತ್ತು ವರ್ಷ ಚಿಕ್ಕವರು. ನಮ್ಮ ಹೆಸರನ್ನು ಹಳೆಯ ಹಾಜರಿ ಪುಸ್ತಕದಲ್ಲಿ ನೋಡಿದ್ದರು. ಹತ್ತು ದಿನ ಪಾಠ ಹೇಳಲು ಅನುಮತಿ ಬೇಡಿದೆವು. ಗೌರವಧನದ ಮಾತೆತ್ತಿದರು. ನಮಗೆ ಆ ಅಂಚೆಯ ಹಿರಿಯರ ನಗು ನೆನಪಾಗಿ ನಗು ಬಂತು. ಸಂಜೆ ಪಾಠ ಮುಗಿದ ಮೇಲೆ ವಟುಗಳು ಅಂಗಳದಲ್ಲಿ ಕಬಡ್ಡಿಯ ಗೆರೆ ಎಳೆಯಲು ಸುಣ್ಣ ಹುಡುಕುತ್ತಿದ್ದರು. ಉಗ್ರಾಣದಲ್ಲಿ ಎಲ್ಲಿರುತ್ತದೆಂದು ನಮಗೆ ಗೊತ್ತಿತ್ತು, ತೋರಿಸಿದೆವು.